ಪರದೇಶದ ಕಡಲಿಗೆ ಎರಡನೆಯ ಸಲ ಹೋಗಬೇಕು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಪ್ರವಾಸ ಪುರವಣಿಯಲ್ಲಿ ವಿದೇಶದ ಕಡಲತೀರಗಳ ಬಗ್ಗೆ ಬರುವ ಲೇಖನಗಳನ್ನು ನಾನು ತಪ್ಪದೆ ಓದುತ್ತೇನೆ. ಪರದೇಶದ ಕಡಲಿಗೆ ಮನಸೋತವರಲ್ಲಿ ನಾನೂ ಒಬ್ಬನಾದ್ದರಿಂದ ಆ ಬರಹಗಳ ಸಂಭ್ರಮ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಅವುಗಳಲ್ಲಿ ಹೆಚ್ಚಿನವು ಒಂದೇ ಭೇಟಿಯ, ಅದೂ ಒಂದೇ ಋತುವಿನ, ಮೂರು ನಾಲ್ಕು ದಿನಗಳ ಪರಿಚಯದ ಮೇಲೆ ಬರೆದವು ಎಂಬುದು ಓದುತ್ತಿದ್ದಂತೆಯೇ ತಿಳಿದುಬಿಡುತ್ತದೆ. ನೀರು ನೀಲಿ, ಮರಳು ಬಿಳಿ, ಸೂರ್ಯಾಸ್ತವನ್ನು ಬಣ್ಣಿಸಲು ಮಾತು ಸಾಲದು ಎಂಬಲ್ಲಿಗೆ ಬರಹ ಮುಗಿಯುತ್ತದೆ. ಹೇಳಬೇಕಾದದ್ದು ಅಲ್ಲಿಂದಾಚೆಗೂ ಬಹಳವಿದೆ ಎಂದು ನನಗೆ ಮನವರಿಕೆಯಾದದ್ದು, ಮೋಹಗೊಂಡ ಒಂದು ಊರಿಗೆ ಎರಡನೆಯ ಸಲ, ಬೇರೆ ಋತುವಿನಲ್ಲಿ ಹೋದಾಗ. ಈ ಪತ್ರ ಬರೆಯಲು ಅದೇ ಕಾರಣ.

ಆ ಊರು ಪೋರ್ಚುಗಲ್‌ನ ನಝರೆ. ಲಿಸ್ಬನ್‌ನಿಂದ ಉತ್ತರಕ್ಕೆ ಬಸ್ಸಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಮೊದಲ ಸಲ ಹೋದದ್ದು ಆಗಸ್ಟ್ ತಿಂಗಳಲ್ಲಿ. ಬಾಗಿದ ಉದ್ದನೆಯ ಮರಳ ದಂಡೆ, ಅದರ ಮೇಲೆ ಸಾಲುಸಾಲಾಗಿ ಪಟ್ಟೆಬಟ್ಟೆಯ ಡೇರೆಗಳು, ಉತ್ತರದ ತುದಿಯಲ್ಲಿ ನೆಟ್ಟಗೆ ಎದ್ದು ನಿಂತ ಬಂಡೆಗೋಡೆ, ಅದರ ನೆತ್ತಿಯ ಮೇಲೊಂದು ಹಳೆಯ ಊರು, ಕೆಳಗಿನಿಂದ ಅಲ್ಲಿಗೆ ಹತ್ತಿಳಿಯಲು 1889ರಲ್ಲಿ ಶುರುವಾಗಿ ಆಗಲೂ ಓಡುತ್ತಿದ್ದ, ಕೇಬಲ್ ಎಳೆಯುವ ಪುಟ್ಟ ರೈಲು. ಮೂರನೆಯ ದಿನದ ಸಂಜೆಯ ಹೊತ್ತಿಗೆ ನಾನು ಆಸ್ತಿ ಮಾರಾಟದ ಅಂಗಡಿಯೊಂದರ ಗಾಜಿನ ಮುಂದೆ ನಿಂತು, ನಿವೃತ್ತಿಯ ನಂತರ ಬಂದು ನೆಲೆಸಲು ಯಾವ ಮನೆ ಆದೀತು ಎಂದು ಚಿತ್ರಗಳನ್ನು ನೋಡುತ್ತಿದ್ದೆ. ಪ್ರವಾಸದಲ್ಲಿ ಈ ಹುಚ್ಚು ಹತ್ತದವರು ಕಡಿಮೆ ಎಂದುಕೊಂಡಿದ್ದೇನೆ.

ಕೆಲವು ವರ್ಷಗಳ ಮೇಲೆ, ಕೆಲಸದ ನಿಮಿತ್ತ ಲಿಸ್ಬನ್‌ಗೆ ಹೋದಾಗ ಎರಡು ದಿನ ಬಿಡುವು ಸಿಕ್ಕಿತು. ಅದು ಜನವರಿ. ನಾನು ಮತ್ತೆ ನಝರೆಯ ಬಸ್ಸು ಹತ್ತಿದೆ. ಡೇರೆಗಳಿರಲಿಲ್ಲ. ದಂಡೆಯುದ್ದಕ್ಕೂ ಇರುವ ರಸ್ತೆಯ ಮೇಲೆ ಗಾಳಿ ತಂದು ಸುರಿದ ಮರಳು ಅಂಗಡಿಗಳ ಹೊಸ್ತಿಲವರೆಗೆ ಬಂದಿತ್ತು. ರಾತ್ರಿ ಹೋಟೆಲ್ಲಿನ ಕಿಟಕಿ ಮುಚ್ಚಿದ ಮೇಲೂ ಕಡಲಿನ ಸದ್ದು ಕೋಣೆಯೊಳಗೇ ಇತ್ತು. ಮರುದಿನ ಬೆಳಿಗ್ಗೆ ಬಂಡೆಯ ತುದಿಯಲ್ಲಿರುವ, ದೀಪಸ್ತಂಭ ಹೊತ್ತ ಕೋಟೆಯವರೆಗೆ ನಡೆದು ಹೋದೆ. ಅದರ ಆಚೆ ಬದಿಯ ತೀರಕ್ಕೆ ಉತ್ತರದ ತೀರವೆಂದೇ ಹೆಸರು. ಆಗಸ್ಟ್‌ನಲ್ಲಿ ಅತ್ತ ಒಮ್ಮೆ ಕಣ್ಣು ಹಾಯಿಸಿ, ಜನವಿಲ್ಲದ ಜಾಗ ಎಂದುಕೊಂಡು ಹಿಂದಿರುಗಿದ್ದೆ. ಈಗ ಅಲ್ಲಿ ಅಲೆಗಳು ಮನೆಗಳ ಮೇಲೆ ಮನೆ ಅಡುಕಿದಷ್ಟು ಎತ್ತರಕ್ಕೆ ಏಳುತ್ತಿದ್ದವು. ಅಲೆ ಒಡೆದಾಗ ಕೋಟೆಯ ಗೋಡೆಗೆ ಒರಗಿದ್ದ ನನ್ನ ಬೆನ್ನಿಗೆ ಅದರ ಅದುರು ತಾಗುತ್ತಿತ್ತು.

ಇದಕ್ಕೆ ಕಾರಣ ನೀರಿನ ಮೇಲಿಲ್ಲ, ತಳದಲ್ಲಿದೆ. ನಝರೆಯ ಮುಂದಿನ ಕಡಲತಳದಲ್ಲಿ ಇನ್ನೂರು ಕಿಲೋಮೀಟರಿಗೂ ಉದ್ದದ, ಅತಿ ಆಳದಲ್ಲಿ ಐದು ಸಾವಿರ ಮೀಟರಿನಷ್ಟು ಇಳಿಯುವ ಕಣಿವೆಯೊಂದು ದಡದ ಹತ್ತಿರದವರೆಗೂ ಬಂದಿದೆ. ಅಟ್ಲಾಂಟಿಕ್‌ನ ಚಳಿಗಾಲದ ಬಿರುಗಾಳಿಗಳು ಎಬ್ಬಿಸಿದ ಅಲೆ ಕಣಿವೆಯ ಆಳದ ಮೇಲೆ ವೇಗ ಕಳೆದುಕೊಳ್ಳದೆ ಬರುತ್ತದೆ. ಪಕ್ಕದ ಆಳವಿಲ್ಲದ ತಳದ ಮೇಲೆ ಬರುವ ಅಲೆ ನಿಧಾನವಾಗುತ್ತದೆ. ಹೀಗೆ ವೇಗ ಬೇರೆಯಾದ ಎರಡೂ ಬಾಗಿ, ದಡದ ಬಳಿ ಒಂದರ ಮೇಲೊಂದು ಏರಿದಾಗ ಆ ಗೋಡೆ ಏಳುತ್ತದೆ. 2011ರಲ್ಲಿ ಸರ್ಫಿಂಗ್ ಸಾಹಸಿ ಗ್ಯಾರೆಟ್ ಮೆಕ್‌ನಮಾರಾ ಇಲ್ಲಿ 78 ಅಡಿಯ ಅಲೆಯನ್ನೂ, 2020ರ ಅಕ್ಟೋಬರಿನಲ್ಲಿ ಸೆಬಾಸ್ಟಿಯನ್ ಸ್ಟ್ಯೂಟ್ನರ್ 86 ಅಡಿಯ ಅಲೆಯನ್ನೂ ಹಲಗೆಯ ಮೇಲೆ ನಿಂತು ಇಳಿದರು. ಬೇಸಿಗೆಯಲ್ಲಿ ಕಣಿವೆ ಎಲ್ಲಿಗೂ ಹೋಗಿರುವುದಿಲ್ಲ, ಬಿರುಗಾಳಿ ಮಾತ್ರ ಇರುವುದಿಲ್ಲ. ನಾನು ಮನೆ ಹುಡುಕಲು ಹೊರಟಿದ್ದ ಊರನ್ನು ನಾನು ಅರ್ಧ ಮಾತ್ರ ನೋಡಿದ್ದೆ ಎಂದಾಯಿತು.

ಊರಿನವರಿಗೆ ಈ ಕಡಲು ಹೊಸದಲ್ಲ. 1980ರ ದಶಕದಲ್ಲಿ ಬಂದರು ಆಗುವವರೆಗೆ ಅಲ್ಲಿನ ಮೀನುಗಾರರು ದೋಣಿಗಳನ್ನು ನೇರವಾಗಿ ಅಲೆಯೊಳಗೆ ನೂಕುತ್ತಿದ್ದುದು, ಮರಳಿ ಬಂದಾಗ ಮರಳ ಮೇಲೆ ಎಳೆದು ನಿಲ್ಲಿಸುತ್ತಿದ್ದುದು, ಈಗ ಡೇರೆಗಳು ನಿಲ್ಲುವ ಅದೇ ದಂಡೆಯಲ್ಲಿ. ಅಲ್ಲಿನ ಹೆಂಗಸರು ಒಂದರ ಮೇಲೊಂದು ಏಳು ಲಂಗ ತೊಡುವ ರೂಢಿಗೆ ಹಲವು ಕಥೆಗಳಿವೆ. ದೋಣಿಗಳ ದಾರಿ ಕಾಯುತ್ತ ಚಳಿಗಾಳಿಯಲ್ಲಿ ದಂಡೆಯ ಮೇಲೆ ಕೂರಬೇಕಾಗಿದ್ದರಿಂದ ಬಂದದ್ದು ಎಂಬುದು ಅವುಗಳಲ್ಲಿ ಒಂದು. ಆಗಸ್ಟ್‌ನಲ್ಲಿ ನಾನು ಆ ಲಂಗಗಳ ಚಿತ್ರ ತೆಗೆದಿದ್ದೆ. ಮೀನು ಒಣಗಿಸುವ ಚೌಕಟ್ಟುಗಳ ಚಿತ್ರವನ್ನೂ, ನೋಡಲು ಚೆಂದವೆಂದು, ತೆಗೆದಿದ್ದೆ. ಜನವರಿಯ ಎಳೆಬಿಸಿಲಿನಲ್ಲಿ ವಯಸ್ಸಾದ ಒಬ್ಬ ಹೆಂಗಸು ಅದೇ ಚೌಕಟ್ಟುಗಳ ಬಳಿ ಇದ್ದರು. ಹೊಟ್ಟೆ ಸೀಳಿ, ಪುಸ್ತಕ ಬಿಡಿಸಿದಂತೆ ಅಗಲಿಸಿದ ಮೀನುಗಳನ್ನು ಎರಡೇ ಬೆರಳಿನಲ್ಲಿ ಹಿಡಿದು ಒಂದೊಂದಾಗಿ ಮಗುಚುತ್ತಿದ್ದರು. ಕಡಲಹಕ್ಕಿ ಹತ್ತಿರ ಬಂದರೆ ತಲೆ ಎತ್ತದೆಯೇ ಇನ್ನೊಂದು ಕೈ ಬೀಸುತ್ತಿದ್ದರು. ಮೋಡ ಕವಿಯುತ್ತಿದ್ದಂತೆ ಒಂದು ಬಲೆಯ ತುದಿಯನ್ನು ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿಯನ್ನು ತಾವು ಹಿಡಿದು, ಹೊದಿಸುವಂತೆ ಸನ್ನೆ ಮಾಡಿದರು. ನಮ್ಮಿಬ್ಬರಿಗೂ ಪರಸ್ಪರರ ಭಾಷೆ ಬಾರದು. ಚಿತ್ರ ತೆಗೆಯುವುದು ಆ ಹೊತ್ತಿಗೆ ನೆನಪಾಗಲಿಲ್ಲ.

ಎರಡನೆಯ ಭೇಟಿ ಕಣ್ಣು ತೆರೆಸಿದ ಇನ್ನೊಂದು ಜಾಗ ಸ್ಪೇನ್‌ನ ಮಯೋರ್ಕಾ ದ್ವೀಪ. ಜೂನ್‌ನಲ್ಲಿ ತಳದ ಮರಳಿನ ಗೆರೆಗಳು ಸಹ ಕಾಣುವಷ್ಟು ತಿಳಿಯಾಗಿದ್ದ ನೀರಿನ ದಂಡೆಯಲ್ಲಿ, ಅಕ್ಟೋಬರ್ ಕೊನೆಗೆ ಮೊಣಕಾಲೆತ್ತರದ ಕಂದು ಕಸದ ರಾಶಿ ಬಿದ್ದಿತ್ತು. ಇಷ್ಟು ಒಳ್ಳೆಯ ತೀರವನ್ನು ಗುಡಿಸುವವರಿಲ್ಲವೇ ಎಂದು ನಾನು ಹೋಟೆಲ್ಲಿನ ಸ್ವಾಗತಕಟ್ಟೆಯಲ್ಲಿ ಕೇಳಿದೆ. ಅಲ್ಲಿದ್ದ ಯುವಕ ನನ್ನನ್ನು ದಂಡೆಗೆ ಕರೆದುಕೊಂಡು ಹೋಗಿ, ರಾಶಿಯೊಳಗೆ ಕೈಹಾಕಿ, ಉಣ್ಣೆಯ ಉಂಡೆಯಂತಹದ್ದೊಂದನ್ನು ತೆಗೆದು ಬಿಡಿಸಿ ತೋರಿಸಿದ. ಒಳಗೆಲ್ಲ ಬರೀ ನಾರು. ಅದು ಪೊಸಿಡೋನಿಯಾ ಎಂಬ ಕಡಲಹುಲ್ಲು. ಪಾಚಿಯಲ್ಲ, ಬೇರು, ಎಲೆ, ಹೂವು ಎಲ್ಲವೂ ಇರುವ ಗಿಡ. ಮೆಡಿಟರೇನಿಯನ್ ಕಡಲಿನ ತಳದಲ್ಲಿ ಹಾಸಿಕೊಂಡಿರುವ ಈ ಹುಲ್ಲುಗಾವಲು ವರ್ಷಕ್ಕೆ ಕೆಲವೇ ಸೆಂಟಿಮೀಟರಿನಷ್ಟು ಹರಡುತ್ತದೆ. ನೀರಿನಲ್ಲಿ ತೇಲುವ ಮಣ್ಣಿನ ಕಣಗಳನ್ನು ತಡೆದು ತಳಕ್ಕಿಳಿಸುವುದು ಅದೇ. ಶರತ್ಕಾಲದಲ್ಲಿ ಉದುರಿದ ಎಲೆಗಳು ದಂಡೆಗೆ ಬಂದು ರಾಶಿಯಾಗಿ, ಚಳಿಗಾಲದ ಅಲೆ ಮರಳನ್ನು ಕೊಚ್ಚಿಕೊಂಡು ಹೋಗದಂತೆ ಒಡ್ಡಾಗುತ್ತವೆ. ಅಂದರೆ ಜೂನ್‌ನಲ್ಲಿ ನಾನು ಮೆಚ್ಚಿದ ತಿಳಿನೀರೂ ಮರಳೂ ಅಕ್ಟೋಬರ್‌ನಲ್ಲಿ ನಾನು ಮೂಗು ಮುರಿದ ಆ ಕಸದ ದುಡಿಮೆಯೇ. ಮಯೋರ್ಕಾ ಸೇರಿದ ಬಾಲಿಯಾರಿಕ್ ದ್ವೀಪಗಳ ಸರ್ಕಾರ 2018ರಲ್ಲಿ ಈ ಹುಲ್ಲಿನ ಮೇಲೆ ದೋಣಿಗಳು ಲಂಗರು ಹಾಕದಂತೆ ಆಜ್ಞೆ ಹೊರಡಿಸಿತು. ಹಾಗಿದ್ದರೂ ಮೆಡಿಟರೇನಿಯನ್‌ನ ಎಷ್ಟೋ ತೀರಗಳಲ್ಲಿ ಪ್ರವಾಸಿಗರು ಬೇಸರಪಟ್ಟುಕೊಂಡಾರೆಂದು ಯಂತ್ರಗಳಿಂದ ರಾಶಿಯನ್ನು ಎತ್ತಿಸುತ್ತಾರೆ. ಹಾಗೆ ಬೇಸರಪಟ್ಟವರ ಲೆಕ್ಕದಲ್ಲಿ ನಾನೂ ಒಬ್ಬ.

ಇದೇ ಹುಲ್ಲಿನ ನಡುವೆ ಬದುಕುವ ತೀರ ಸಣ್ಣ ಜೀವಿಗಳ ಕೆಂಪು ಚಿಪ್ಪಿನ ಚೂರುಗಳಿಂದ, ಇಟಲಿಯ ಸಾರ್ಡಿನಿಯಾ ಬಳಿಯ ಬುದೆಲ್ಲಿ ದ್ವೀಪದ ಒಂದು ದಂಡೆ ಗುಲಾಬಿ ಬಣ್ಣದ್ದಾಗಿದೆ. ಬಂದವರೆಲ್ಲ ಹಿಡಿಹಿಡಿ ಮರಳು ಒಯ್ದು, ಮೆಟ್ಟಿ, ಅದರ ಬಣ್ಣ ಮಾಸತೊಡಗಿದ್ದರಿಂದ 1994ರಿಂದ ಅಲ್ಲಿ ಕಾಲಿಡುವಂತಿಲ್ಲ. ಸಾರ್ಡಿನಿಯಾದ ಯಾವ ತೀರದಿಂದಲೂ ಮರಳು ಒಯ್ದವರಿಗೆ 500ರಿಂದ 3,000 ಯೂರೋವರೆಗೆ ದಂಡ ಹಾಕುವ ಕಾನೂನು 2017ರಲ್ಲಿ ಬಂತು. 2019ರಲ್ಲಿ ಫ್ರಾನ್ಸ್‌ನ ದಂಪತಿಯ ಕಾರಿನಲ್ಲಿ ಸುಮಾರು 40 ಕಿಲೋ ಮರಳು ಸಿಕ್ಕಿ ಸುದ್ದಿಯಾಗಿತ್ತು. ನನ್ನ ಕಪಾಟಿನಲ್ಲಿಯೂ ಹಿಂದೆಂದೋ, ಬೇರೊಂದು ದೇಶದ ತೀರದಿಂದ ತಿಳಿಯದೆ ತಂದ ಮರಳಿನ ಸಣ್ಣ ಸೀಸೆ ಇದೆ. ಒದ್ದೆಯಾಗಿದ್ದಾಗ ಹೊಳೆದದ್ದು ಒಣಗಿದ ಮೇಲೆ ಬೂದಿಯ ಬಣ್ಣಕ್ಕೆ ತಿರುಗಿತು. ಅದು ಯಾವ ಕಡಲಿನದೆಂದು ಸೀಸೆಯ ಮೇಲಿನ ಚೀಟಿ ಓದದೆ ಈಗ ನನಗೇ ಹೇಳಲಾಗದು.

ಮೋಹ ಸಾವಿರಾರು ಜನರಿಗೆ ಒಮ್ಮೆಲೇ ಹತ್ತಿದರೆ ಏನಾಗುತ್ತದೆ ಎಂಬುದಕ್ಕೆ ಥಾಯ್ಲೆಂಡ್‌ನ ಮಾಯಾ ಕೊಲ್ಲಿಯ ಉದಾಹರಣೆ ಎಲ್ಲರಿಗೂ ಗೊತ್ತಿರುವುದರಿಂದ ಚುಟುಕಾಗಿ ಹೇಳುತ್ತೇನೆ. ಹಾಲಿವುಡ್ ಚಿತ್ರವೊಂದರಿಂದ ಹೆಸರಾದ ಆ ಪುಟ್ಟ ದಂಡೆಗೆ ದಿನಕ್ಕೆ ಐದು ಸಾವಿರದವರೆಗೆ ಜನ ಬಂದಿಳಿದು, ದೋಣಿಗಳ ಲಂಗರಿಗೆ ಹವಳದ ದಿಬ್ಬಗಳು ಪುಡಿಯಾದ ಮೇಲೆ 2018ರ ಜೂನ್‌ನಲ್ಲಿ ಅದನ್ನು ಮುಚ್ಚಿದರು. ಜನ ಬಾರದ ಅವಧಿಯಲ್ಲಿ ಕಪ್ಪು ರೆಕ್ಕೆತುದಿಯ ಸಣ್ಣ ಶಾರ್ಕ್‌ಗಳು ಕೊಲ್ಲಿಗೆ ಮರಳಿದವು. 2022ರ ಜನವರಿಯಲ್ಲಿ ಮತ್ತೆ ತೆರೆದರೂ ದೋಣಿಗಳು ಕೊಲ್ಲಿಯೊಳಗೆ ಬರುವಂತಿಲ್ಲ, ದ್ವೀಪದ ಹಿಂಬದಿಯಲ್ಲಿ ಇಳಿದು ನಡೆದು ಹೋಗಬೇಕು. ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಬಾಗಿಲು ಮುಚ್ಚಿರುತ್ತದೆ. ಮಾಯಾ ಕೊಲ್ಲಿಯನ್ನು ಕೊಂಡಾಡುವ ಲೇಖನದಲ್ಲಿ ಈ ಎರಡು ತಿಂಗಳ ಮಾತು ಇಲ್ಲದಿದ್ದರೆ, ಅದನ್ನು ನೆಚ್ಚಿ ಟಿಕೆಟ್ ತೆಗೆಸಿದವರು ಏನು ಮಾಡಬೇಕು?

ಇದಕ್ಕಿಂತ ಗಂಭೀರವಾದ ಸಂಗತಿ ಪ್ರಾಣದ್ದು. ಕಡಲತೀರದಲ್ಲಿ ಮರುಳಾದ ಕಣ್ಣು ಮೋಸಹೋಗುವ ಜಾಗವೊಂದಿದೆ. ಎರಡೂ ಕಡೆ ಬಿಳಿನೊರೆಯ ಅಲೆಗಳು ಒಡೆಯುತ್ತಿರುತ್ತವೆ, ನಡುವೆ ಮಾತ್ರ ಒಂದಷ್ಟು ಅಗಲ ನೀರು ಶಾಂತವಾಗಿ, ಸ್ವಲ್ಪ ಗಾಢವಾಗಿ ಕಾಣುತ್ತದೆ. ಈಜು ಅಷ್ಟಾಗಿ ಬಾರದವರು ಇದೇ ಕ್ಷೇಮವೆಂದು ಅಲ್ಲೇ ಇಳಿಯುತ್ತಾರೆ. ದಡಕ್ಕೆ ನುಗ್ಗಿದ ನೀರೆಲ್ಲ ಕಡಲಿಗೆ ಮರಳಿ ಹರಿಯುವ ದಾರಿಯೇ ಅದು. ಅದರ ಸೆಳೆತಕ್ಕೆ ಎದುರಾಗಿ ದಡದತ್ತ ಈಜಲು ಹೋದವರು ದಣಿದು ಮುಳುಗುತ್ತಾರೆ. ತೇಲುತ್ತ ಕೈ ಎತ್ತಿ ಕರೆಯಬೇಕು, ಇಲ್ಲವೇ ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಪಕ್ಕಕ್ಕೆ ಬರಬೇಕು. ಆಸ್ಟ್ರೇಲಿಯಾದ ತೀರಗಳಲ್ಲಿ ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ಈಜಿರಿ ಎಂದು ಪಟ್ಟುಹಿಡಿಯುವುದು ಇದಕ್ಕಾಗಿಯೇ. ಐಸ್‌ಲ್ಯಾಂಡ್‌ನ ರೇನಿಸ್‌ಫ್ಯಾರಾದ ಕರಿಮರಳಿನ ದಂಡೆಯಲ್ಲಂತೂ ಅಪಾಯಕ್ಕೆ ಸಿಲುಕಲು ನೀರಿಗೆ ಇಳಿಯಲೇಬೇಕಿಲ್ಲ. ಸಣ್ಣ ಅಲೆಗಳ ನಡುವೆ ಮುನ್ಸೂಚನೆಯಿಲ್ಲದೆ ದೊಡ್ಡದೊಂದು ಬಂದು, ಕಡಲಿಗೆ ಬೆನ್ನುಮಾಡಿ ಚಿತ್ರ ತೆಗೆಸಿಕೊಳ್ಳುತ್ತಿದ್ದವರನ್ನು ಒಣಮರಳಿನಿಂದಲೇ ಎಳೆದೊಯ್ದಿದೆ. ಅಲ್ಲಿ ಪ್ರವಾಸಿಗರು ಸತ್ತಿದ್ದಾರೆ. ಆ ತೀರದ ಸುಂದರ ಚಿತ್ರಗಳನ್ನು ನಾನು ಹಲವು ಕಡೆ ನೋಡಿದ್ದೇನೆ. ಚಿತ್ರದ ಕೆಳಗೆ ಈ ಮಾತು ಕಂಡದ್ದು ವಿರಳ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ವಿದೇಶದ ಕಡಲತೀರದ ಬಗ್ಗೆ ಬರೆಯುವವರು ತಾವು ಹೋದದ್ದು ಯಾವ ತಿಂಗಳು, ಇದ್ದದ್ದು ಎಷ್ಟು ದಿನ ಎಂಬುದನ್ನು ಲೇಖನದಲ್ಲೇ ತಿಳಿಸುವಂತೆ ಕೇಳಿರಿ. ನೀರಿನ ಸ್ವಭಾವ, ಬಾವುಟಗಳ ಅರ್ಥ, ಮುಚ್ಚುವ ಅವಧಿ, ಅಲ್ಲಿಂದ ಏನನ್ನು ತರಬಾರದು ಎಂಬುದಕ್ಕೆ ನಾಲ್ಕು ಸಾಲಿನ ಜಾಗ ಕೊಡಿರಿ. ಒಂದೇ ತೀರಕ್ಕೆ ಎರಡು ಮೂರು ಸಲ ಹೋಗಿಬಂದವರಿಂದಲೂ ಆಗಾಗ ಬರೆಸಿರಿ. ಎರಡನೆಯ ಪ್ರಯಾಣಕ್ಕೆ ರಜೆ, ವೀಸಾ, ಹಣ ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ಅವರ ಪ್ರಶ್ನೆ ನ್ಯಾಯವಾದದ್ದೇ. ಅಂಥವರು ಹತ್ತು ದಿನಗಳಲ್ಲಿ ಐದು ತೀರ ಸುತ್ತುವ ಬದಲು ಹತ್ತೂ ದಿನ ಒಂದೇ ಊರಿನಲ್ಲಿದ್ದು, ಚಳಿಗಾಲದಲ್ಲಿ ಇಲ್ಲಿ ಕಡಲು ಹೇಗಿರುತ್ತದೆ ಎಂದು ಅಲ್ಲಿಯವರನ್ನು ಕೇಳಿದರೂ ಎರಡನೆಯ ಭೇಟಿಯ ಅರ್ಧದಷ್ಟು ಲಾಭ ಆಗುತ್ತದೆ. ಆರನೆಯ ದಿನಕ್ಕೆ ಬೇಸರ ಬಂದೀತು. ಬರಲಿ, ಆ ಬೇಸರದ ದಿನವೇ ದಂಡೆಯ ಮೇಲಿನ ಜನರ ಮುಖಗಳು ಕಣ್ಣಿಗೆ ಬೀಳತೊಡಗುತ್ತವೆ.

ಇಷ್ಟೆಲ್ಲ ಬರೆದ ಮಾತ್ರಕ್ಕೆ ನನಗೆ ನಝರೆಯ ಮೇಲಿನ ಮೋಹ ಇಳಿಯಿತೆಂದು ತಾವು ತಿಳಿಯಬಾರದು. ಜನವರಿಯ ಆ ಸಂಜೆ, ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ, ಆಸ್ತಿ ಮಾರಾಟದ ಅದೇ ಅಂಗಡಿಯ ಮುಂದೆ ಮತ್ತೆ ನಿಂತೆ. ಈ ಸಲ ಒಳಗೂ ಹೋದೆ. ಮನೆಯ ಬೆಲೆ ಕೇಳುವ ಮೊದಲು, ಕಿಟಕಿಗಳು ಯಾವ ದಿಕ್ಕಿಗಿವೆ, ಉಪ್ಪುಗಾಳಿಗೆ ಅವುಗಳ ಚೌಕಟ್ಟು ಎಷ್ಟು ವರ್ಷ ಬಾಳುತ್ತದೆ ಎಂದು ವಿಚಾರಿಸಿದೆ.

ಇಂತಿ ತಮ್ಮ ವಿಶ್ವಾಸಿ,
ಪುರವಣಿಯ ಓದುಗ