ಒಂದು ಸೊನ್ನೆಯ ಋಣ

ಕಂಪ್ಯೂಟರಿನಲ್ಲಿ ಪತ್ರಗಳಿಗೆ ಬೀಗ ಹಾಕುವ ಜಿಪಿಜಿ ಎಂಬ ತಂತ್ರಾಂಶದ ಕೈಪಿಡಿಗೆ ನಾನು ಕಳಿಸಿದ 100ನೇ ತಿದ್ದುಪಡಿ ನಿನ್ನೆ ರಾತ್ರಿ ಒಪ್ಪಿಗೆಯಾಯಿತು. 'ಕೀ' ಎಂಬ ಪದ ಎರಡು ಸಲ ಬಂದಿತ್ತು, ಒಂದನ್ನು ತೆಗೆದೆ, ಅಷ್ಟೇ. ಆದರೂ ಇವತ್ತು ಕೆಲವರಿಗೆ ಥ್ಯಾಂಕ್ಸ್ ಹೇಳದೆ ಇರಲು ಮನಸ್ಸು ಬರುತ್ತಿಲ್ಲ.

ನಾನು ಪ್ರೋಗ್ರಾಮರ್ ಅಲ್ಲ. 22 ವರ್ಷ ಅಚ್ಚುಕೂಟದಲ್ಲಿ ಪ್ರೂಫ್ ನೋಡಿದವಳು. ಅದು ಬಾಗಿಲು ಹಾಕಿದ ಮೇಲೆ ಮನೆಯಲ್ಲೇ ಇದ್ದೆ. ಕಣ್ಣಿನ ಅಭ್ಯಾಸ ಮಾತ್ರ ಹೋಗಲಿಲ್ಲ. ಮದುವೆ ಕಾಗದದಲ್ಲೂ ಅಂಗಡಿ ಬೋರ್ಡಿನಲ್ಲೂ ತಪ್ಪು ಕಾಣುತ್ತಿತ್ತು, ಯಾರಿಗೆ ಹೇಳುವುದು? ತುಂಬಾ ಭಾರವಾದ ದಿನಗಳು ಅವು.

ಮೊದಲ ಥ್ಯಾಂಕ್ಸ್ ನನ್ನ ತಂಗಿ ಮಗಳಿಗೆ. ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಜಿಪಿಜಿ ಕಲಿಸಲು ಕೂತಳು. ಕೀ ಅಂದರೆ ಒಂದಲ್ಲ, ಜೋಡಿ ಎಂದು ತಿಳಿದದ್ದು ಆಗಲೇ. ಪಬ್ಲಿಕ್ ಕೀಯನ್ನು ಊರಿಗೆಲ್ಲ ಹಂಚಬಹುದು. ಅದರಿಂದ ಯಾರು ಬೇಕಾದರೂ ನನಗೆ ಬೀಗ ಹಾಕಿದ ಪತ್ರ ಕಳಿಸಬಹುದು. ಆ ಬೀಗ ತೆಗೆಯುವ ಪ್ರೈವೇಟ್ ಕೀ ನನ್ನ ಹತ್ತಿರ ಮಾತ್ರ ಇರಬೇಕು. ಆದರೆ ಓದುತ್ತಿದ್ದ ಕೈಪಿಡಿಯಲ್ಲಿ ಒಂದು ಕಡೆ, ಪ್ರೈವೇಟ್ ಕೀಯನ್ನು ಗೆಳೆಯರಿಗೆ ಕಳಿಸಿ ಅಂತಿತ್ತು! "ದೊಡ್ಡಮ್ಮ, ಇದು ಓಪನ್ ಸೋರ್ಸ್, ಯಾರು ಬೇಕಾದ್ರೂ ತಿದ್ದುಪಡಿ ಕಳಿಸಬಹುದು, ನೀವೇ ತಿದ್ದಿ ಕಳ್ಸಿ" ಎಂದಳು. ತಿದ್ದುಪಡಿ ಕಳಿಸಲು ಬೇಕಾದ ಗಿಟ್ ಎಂಬ ತಂತ್ರಾಂಶವನ್ನು ಮೂರು ಸಂಜೆ ಕೂತು ಹೇಳಿಕೊಟ್ಟಳು. ಒಂದು ಸಲವೂ ಬೇಸರ ಮಾಡಿಕೊಳ್ಳಲಿಲ್ಲ.

ಆ ಕೈಪಿಡಿಯನ್ನು ನೋಡಿಕೊಳ್ಳುವವರಿಗೆ ನಾನು ಋಣಿ. ಯಾಕೆ ಎಂದು ಹೇಳಬೇಕಾದರೆ ನನ್ನ ಏಳನೇ ತಿದ್ದುಪಡಿಯ ವಿಷಯ ಹೇಳಬೇಕು.

ಪ್ರತಿ ಕೀಗೂ ಒಂದು ಫಿಂಗರ್‌ಪ್ರಿಂಟ್ ಇರುತ್ತದೆ, ಕೈಗೆ ಬಂದ ಕೀ ಅಸಲಿಯೇ ಎಂದು ತಾಳೆ ನೋಡುವ ಗುರುತು. ಜಿಪಿಜಿಯಲ್ಲಿ ಸಾಮಾನ್ಯವಾಗಿ ಕಾಣುವುದು 40 ಅಕ್ಷರದ್ದು, ನಾಲ್ಕು ನಾಲ್ಕರಂತೆ 10 ಗುಂಪು. 0ಯಿಂದ 9, ಎಯಿಂದ ಎಫ್, ಈ 16 ಬಿಟ್ಟು ಬೇರೇನೂ ಅದರಲ್ಲಿ ಬರುವಂತಿಲ್ಲ. ಕೈಪಿಡಿಯಲ್ಲಿ ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ 'ಓ' ಕೂತಿತ್ತು. ಕನ್ನಡದ ಪ್ರೂಫ್ ನೋಡಿದವರಿಗೆ ಇದು ಹಳೇ ಕಾಟ, ಅಲ್ವಾ? ಅನುಸ್ವಾರ ಇರಬೇಕಾದಲ್ಲಿ ಕನ್ನಡದ ಸೊನ್ನೆ ಅಂಕಿಯನ್ನು ಒತ್ತಿಬಿಡುತ್ತಾರೆ. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ, ಹುಡುಕಿದರೆ ಆ ಪದ ಸಿಗುವುದೇ ಇಲ್ಲ.

ಓ ತೆಗೆದು ಸೊನ್ನೆ ಹಾಕಿ ಕಳಿಸಿದೆ. ಅವರು ಸುಮ್ನೆ ಒಪ್ಪಿಬಿಡಬಹುದಿತ್ತು. ಒಪ್ಪಲಿಲ್ಲ. ಅಂದಾಜಿನ ಮೇಲೆ ಫಿಂಗರ್‌ಪ್ರಿಂಟ್ ತಿದ್ದಬಾರದು, ಕೀಯಿಂದಲೇ ಮತ್ತೆ ತೆಗೆದು 40 ಅಕ್ಷರವನ್ನೂ ತಾಳೆ ನೋಡೋಣ ಎಂದು ಬರೆದರು. ನೋಡಿದರೆ ಪಕ್ಕದ ಗುಂಪಿನಲ್ಲಿ 'ಬಿ' ಇರಬೇಕಾದಲ್ಲಿ 8 ಇತ್ತು! 8 ಬರಬಾರದ ಅಂಕಿಯಲ್ಲ, ಹಾಗಾಗಿ ನನ್ನ ಕಣ್ಣು ಅದನ್ನು ದಾಟಿ ಹೋಗಿತ್ತು. ಹಸ್ತಪ್ರತಿ ಪಕ್ಕದಲ್ಲಿಲ್ಲದೆ ಪ್ರೂಫ್ ನೋಡಬೇಡ ಎಂದು ಅಚ್ಚುಕೂಟದ ಹಿರಿಯರು ಹೇಳುತ್ತಿದ್ದರು. ಇಲ್ಲಿ ಹಸ್ತಪ್ರತಿ ಅಂದರೆ ಆ ಕೀಯೇ.

ಜೊತೆಗೆ ಇನ್ನೊಂದು ಮಾತು ಬರೆದಿದ್ದರು. ಕೈಪಿಡಿಯಲ್ಲಿ ತಪ್ಪಿದ್ದರೆ ಓದುವವರು ಸರಿಯಾದ ಕೀಯನ್ನೇ ಅನುಮಾನಿಸುತ್ತಾರೆ. ಅದಕ್ಕಿಂತ ಕೆಟ್ಟದ್ದು, 'ಒಂದೆರಡು ಅಕ್ಷರ ತಾನೆ, ಟೈಪಿಂಗ್ ತಪ್ಪಿರಬೇಕು ಬಿಡು' ಎಂದು ಮುಂದೆ ಹೋಗುವುದನ್ನು ರೂಢಿ ಮಾಡಿಕೊಳ್ಳುತ್ತಾರೆ. ಕೊನೆಯ 8 ಅಕ್ಷರ ಹೊಂದುವ ನಕಲಿ ಕೀ ಮಾಡುವುದು ಕಷ್ಟವಲ್ಲ, 2014ರಲ್ಲೇ ಮಾಡಿ ತೋರಿಸಿದ್ದಾರೆ. ಅರೆಬರೆ ತಾಳೆ ನೋಡುವವರು ಬೀಳುವುದು ಅಲ್ಲೇ. ಆ ಉತ್ತರವನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ನನ್ನ ಕೆಲಸಕ್ಕೆ ಇಷ್ಟು ಬೆಲೆ ಇದೆ ಎಂದು ಬಹಳ ದಿನದ ಮೇಲೆ ಯಾರೋ ಹೇಳಿದ್ದರು.

ಜಿಪಿಜಿಗೂ ಮೊದಲು ಇದೇ ಕೆಲಸ ಮಾಡುತ್ತಿದ್ದ ಪಿಜಿಪಿ ತಂತ್ರಾಂಶವನ್ನು 1991ರಲ್ಲಿ ಬರೆದ ಫಿಲ್ ಜಿಮ್ಮರ್‌ಮನ್, 1997ರಲ್ಲಿ ಜಿಪಿಜಿ ಶುರು ಮಾಡಿದ ವೆರ್ನರ್ ಕಾಖ್, ಇವರಿಗೂ ನನ್ನ ನಮಸ್ಕಾರ. ನನ್ನ ಇಂಗ್ಲಿಷನ್ನು ಗೌರವದಿಂದ ತಿದ್ದಿದ ಪರಊರಿನ ಗೆಳತಿಗೂ. ರಾತ್ರಿ ಜಾಸ್ತಿ ಹೊತ್ತು ದೀಪ ಉರಿದರೂ ಏನೂ ಅನ್ನದ ಅಮ್ಮನಿಗೂ.

ಮುಂದೆ ರಿವೊಕೇಶನ್ ಸರ್ಟಿಫಿಕೇಟ್ ಅಧ್ಯಾಯ ಇದೆ. ಕೀ ಕಳೆದುಹೋದರೆ ಅದು ಇನ್ನು ನಡೆಯುವುದಿಲ್ಲ ಎಂದು ಎಲ್ಲರಿಗೂ ತಿಳಿಸುವುದು ಅದರಿಂದಲೇ. ಮೊದಲ ಪುಟದಲ್ಲೇ ಎರಡು ತಪ್ಪು ಸಿಕ್ಕಿವೆ. ಈ ಸಲ ತಾಳೆ ನೋಡಿಯೇ ಕಳಿಸುತ್ತೇನೆ.