ಗಣಿ ಚಿತ್ರಗಳ ಹಳೇ ಟೀ ಸೆಟ್‌ಗಳು: ಫೋಟೋ ಹಾಕುವವರಿಗೆ ಸೂಚನೆ

ಎಲ್ಲರಿಗೂ ನಮಸ್ಕಾರ. ಈ ವಾರ ಗುಂಪಿನಲ್ಲಿ ಜರ್ಮನಿಯ ಮೈಸೆನ್ ಪಿಂಗಾಣಿ ಬಗ್ಗೆ ಮಾತಾಡೋಣ. ಅದರಲ್ಲೂ 18ನೇ ಶತಮಾನದ ಗಣಿ ದೃಶ್ಯಗಳ ಟೀ ಸೆಟ್‌ಗಳು.

ಮೈಸೆನ್ ಕಾರ್ಖಾನೆ ಶುರುವಾಗಿದ್ದು 1710ರಲ್ಲಿ, ಸ್ಯಾಕ್ಸನಿಯ ದೊರೆ ಅಗಸ್ಟಸ್‌ನ ಕಾಲದಲ್ಲಿ. ಅವನ ಸಂಪತ್ತಿಗೆ ಫ್ರೈಬರ್ಗ್ ಕಡೆಯ ಬೆಳ್ಳಿ ಗಣಿಗಳು ದೊಡ್ಡ ಆಧಾರ. 1719ರಲ್ಲಿ ಮಗನ ಮದುವೆಗೆ ಗಣಿಗಾರರ ಭಾರೀ ಮೆರವಣಿಗೆಯನ್ನೇ ಮಾಡಿಸಿದ್ದ. ಹಾಗಾಗಿ ಅರಮನೆಯ ಕಪ್ಪಿನ ಮೇಲೆ ಸುತ್ತಿಗೆ ಹಿಡಿದ ಕೂಲಿಯಾಳು ಬಂದಿದ್ದು ಆಶ್ಚರ್ಯವಲ್ಲ. ಈ ಚಿತ್ರಗಳಿಗೆ ಹೆಸರಾದ ಕಲಾವಿದ ಬೊನಾವೆಂಟುರಾ ಗಾಟ್‌ಲೀಬ್ ಹಾಯರ್.

ನನಗೆ ತುಂಬಾ ಹಿಡಿಸುವುದು ಇದು: ಪಿಂಗಾಣಿ ಮಾಡುವ ಬಿಳಿ ಮಣ್ಣೂ ಗಣಿಯದೇ, ಸ್ಯಾಕ್ಸನಿಯ ಔಎ ಊರಿನದು. ಚಿತ್ರದಲ್ಲಿ ಗಣಿಗಾರರು ಹಿಂದೆ ಸೊಂಟಕ್ಕೆ ಕಟ್ಟಿದ ಚರ್ಮದ ತುಂಡನ್ನೂ ನೋಡಿ. ಗಣಿಯಲ್ಲಿ ಕೂರಲು, ಜಾರಲು ಅದೇ ರಕ್ಷೆ.

ನಿಮ್ಮಲ್ಲಿ ಇಂಥ ಕಪ್ಪು, ಬಸಿ ಇದ್ದರೆ ಚಿತ್ರದ ಜೊತೆ ತಳದ ಫೋಟೋನೂ ಹಾಕಿ. ಮೈಸೆನ್‌ನ ನೀಲಿ ಅಡ್ಡ ಕತ್ತಿಗಳ ಗುರುತು ಕಂಡ ಮಾತ್ರಕ್ಕೆ ಅಸಲಿ ಅಂತ ನಂಬಬೇಡಿ, ಆ ಗುರುತನ್ನು ತುಂಬಾ ಜನ ನಕಲು ಮಾಡಿದ್ದಾರೆ. ಫೋಟೋಗೋಸ್ಕರ ಚಿನ್ನದ ಅಂಚನ್ನು ಉಜ್ಜಬೇಡಿ, ದಯವಿಟ್ಟು. ಅದು ಸುಲಭವಾಗಿ ಸವೆದು ಹೋಗುತ್ತದೆ.