ಎಲ್ಲರನ್ನೂ ಪ್ಯಾರಾಮೆಡಿಕ್ ಮಾಡಬೇಡಿ: ಅಗ್ನಿಶಾಮಕ ಸಚಿವರಿಗೆ ಒಂದು ಬಹಿರಂಗ ಪತ್ರ

ಅಗ್ನಿಶಾಮಕ ಸೇವೆಯ ಹೊಣೆ ಹೊತ್ತ ಮಾನ್ಯ ಸಚಿವರೇ,

ನಮಸ್ಕಾರ. ಅಗ್ನಿಶಾಮಕ ಸಿಬ್ಬಂದಿಗೆಲ್ಲ ಕಿರು ತರಬೇತಿ ಕೊಟ್ಟು ಪ್ಯಾರಾಮೆಡಿಕ್ (ಆಸ್ಪತ್ರೆ ಮುಟ್ಟುವ ಮೊದಲೇ ಮದ್ದು, ತುರ್ತು ಚಿಕಿತ್ಸೆ ಕೊಡುವವರು) ಮಾಡುತ್ತೇವೆ, ಒಂದೇ ಗಾಡಿಯಲ್ಲಿ ಎರಡು ಸೇವೆ ಸಿಗುತ್ತದೆ ಎಂದು ನೀವು ಹೇಳಿದ್ದೀರಿ. ನಾನು ಆ ಎರಡೂ ಕೆಲಸ ಮಾಡುವವನು. ಬೆಂಕಿ ಬಿದ್ದಲ್ಲಿಗೂ ಹೋಗುತ್ತೇನೆ, ಎದೆನೋವು ಅಂದವರ ಮನೆಗೂ ಹೋಗುತ್ತೇನೆ. ನಿಮ್ಮ ಯೋಜನೆ ಬೇಡ ಎನ್ನಲು ಈ ಪತ್ರ ಬರೆಯುತ್ತಿಲ್ಲ. ‘ಎಲ್ಲರಿಗೂ’ ಅಂದಿದ್ದೀರಲ್ಲ, ‘ಕಿರು’ ಅಂದಿದ್ದೀರಲ್ಲ, ಆ ಎರಡು ಮಾತಿನ ಬಗ್ಗೆ ನನ್ನ ತಕರಾರು.

ಯೋಚನೆ ಸರಿಯಾಗಿಯೇ ಇದೆ. ಅಮೆರಿಕದಲ್ಲಿ ಅಗ್ನಿಶಾಮಕ ದಳಗಳಿಗೆ ಬರುವ ಕರೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ವೈದ್ಯಕೀಯ ಕರೆಗಳೇ. ನಿಜವಾದ ಬೆಂಕಿ ನೂರಕ್ಕೆ ನಾಲ್ಕೈದು ಇದ್ದರೆ ಜಾಸ್ತಿ. ನಮ್ಮ ಠಾಣೆಗಳು ಊರ ತುಂಬ ಹಂಚಿಕೊಂಡಿರುತ್ತವೆ, ರಾತ್ರಿ ಹಗಲು ಜನ ಸಿದ್ಧ ಇರುತ್ತಾರೆ. ಹೃದಯ ನಿಂತವರಿಗೆ ಸಿಪಿಆರ್ (ಎದೆ ಒತ್ತುವುದು) ಆಗಲಿ ಶಾಕ್ ಆಗಲಿ ಸಿಗದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಕುಸಿಯುತ್ತಾ ಹೋಗುತ್ತದೆ. ಹತ್ತಿರ ಇರುವವರು ಮೊದಲು ಹೋಗಬೇಕು. ಇದರಲ್ಲಿ ವಾದ ಮಾಡುವಂಥದ್ದು ಏನೂ ಇಲ್ಲ.

ಎರಡೂ ವಿದ್ಯೆ ಒಬ್ಬರಲ್ಲೇ ಇದ್ದರೆ ಆಗುವ ಲಾಭವೂ ದೊಡ್ಡದು. ಹೊಗೆಯಿಂದ ಎಳೆದು ತಂದವರನ್ನೇ ತಗೊಳ್ಳಿ. ಬೆರಳಿಗೆ ಕ್ಲಿಪ್ ಹಾಕಿದರೆ ಯಂತ್ರ ಆಮ್ಲಜನಕ ಶೇ 98 ಅಂತ ತೋರಿಸಬಹುದು. ನೋಡಿದವರಿಗೆ ಸಮಾಧಾನ. ಆದರೆ ರಕ್ತದಲ್ಲಿ ಆಮ್ಲಜನಕ ಕೂತಿದೆಯೋ ಕಾರ್ಬನ್ ಮೊನಾಕ್ಸೈಡ್ ಎಂಬ ಹೊಗೆಯ ವಿಷಾನಿಲ ಕೂತಿದೆಯೋ ಅನ್ನುವುದು ಆ ಮಾಮೂಲಿ ಯಂತ್ರಕ್ಕೆ ಗೊತ್ತಾಗುವುದಿಲ್ಲ, ಅದರ ಪಾಲಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ನಾವು ಅಂಕಿಯನ್ನು ಬಿಟ್ಟು ಮನುಷ್ಯನನ್ನು ನೋಡುತ್ತೇವೆ. ಮೂಗಿನ ಕೂದಲು ಸುಟ್ಟಿದೆಯಾ? ಉಗುಳಿನಲ್ಲಿ ಮಸಿ ಇದೆಯಾ? ದನಿ ಒಡೆದಿದೆಯಾ? ಈಗ ಆರಾಮಾಗಿ ಮಾತಾಡುತ್ತಿರುವವರ ಗಂಟಲು ಸ್ವಲ್ಪ ಹೊತ್ತಿಗೆ ಊದಿ ಮುಚ್ಚಿಕೊಳ್ಳಬಹುದು. ಉಸಿರಾಟದ ಕೊಳವೆ ಹಾಕುವುದಿದ್ದರೆ ಅದಕ್ಕೂ ಮೊದಲೇ ಹಾಕಬೇಕು, ಊದಿದ ಮೇಲೆ ದಾರಿಯೇ ಕಾಣುವುದಿಲ್ಲ.

ಒಳಗೆ ಏನು ಉರಿಯುತ್ತಿತ್ತು ಅನ್ನುವುದು ಒಳಗೆ ಹೋದವರಿಗೇ ಗೊತ್ತು. ಸೋಫಾದ ಫೋಮ್, ನೈಲಾನ್, ಉಣ್ಣೆ ಇಂಥವು ಉರಿದರೆ ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಆ ಹೊಗೆ ಕುಡಿದು, ಪ್ರಜ್ಞೆ ತಪ್ಪಿ, ರಕ್ತದೊತ್ತಡ ಬಿದ್ದಿದ್ದರೆ ಲ್ಯಾಬ್ ರಿಪೋರ್ಟಿಗೆ ಕಾಯುವ ಹಾಗಿಲ್ಲ. ಆ ವಿಷಕ್ಕೆ ಹೈಡ್ರಾಕ್ಸೊಕೊಬಾಲಮಿನ್ ಎಂಬ ಮದ್ದಿದೆ, ವಿಟಮಿನ್ ಬಿ12ರದೇ ಒಂದು ರೂಪ. ವಯಸ್ಕರಿಗೆ 5 ಗ್ರಾಂ, ಸುಮಾರು 15 ನಿಮಿಷದಲ್ಲಿ ರಕ್ತನಾಳಕ್ಕೆ ಹೋಗಬೇಕು. ಕೊಟ್ಟ ಮೇಲೆ ಚರ್ಮ ಕೆಂಪಾಗುತ್ತದೆ, ಮೂತ್ರವೂ ಕೆಂಪಾಗುತ್ತದೆ. ಮನೆಯವರಿಗೆ ಮೊದಲೇ ಹೇಳದಿದ್ದರೆ ಗಾಬರಿ ಬೀಳುತ್ತಾರೆ, ಅದೂ ನಮ್ಮ ಕೆಲಸವೇ.

ಕುಸಿದ ಗೋಡೆಯ ಅಡಿ ಗಂಟೆಗಟ್ಟಲೆ ಕಾಲು ಸಿಕ್ಕಿಕೊಂಡವರ ವಿಷಯವೂ ಹೀಗೇ. ಬೇಗ ಎತ್ತಿ, ಬೇಗ ಎತ್ತಿ ಅಂತ ಸುತ್ತ ನಿಂತವರು ಕೂಗುತ್ತಿರುತ್ತಾರೆ. ಎತ್ತಿದ ಕೂಡಲೇ ಜಜ್ಜಿದ ಸ್ನಾಯುವಿನ ಪೊಟ್ಯಾಸಿಯಂ ರಕ್ತಕ್ಕೆ ನುಗ್ಗಿ ಹೃದಯವೇ ನಿಲ್ಲಬಹುದು. ಸಲೈನ್ ಶುರುವಾಗಬೇಕಾದದ್ದು ಕಲ್ಲು ಕದಲುವ ಮೊದಲು. ಕಲ್ಲೆತ್ತುವವರಿಗೂ ಸೂಜಿ ಹಾಕುವವರಿಗೂ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಅರ್ಥವಾದರೆ ಮಾತ್ರ ಇದು ಆಗುತ್ತದೆ.

ಈಗ ‘ಕಿರು ತರಬೇತಿ’ಗೆ ಬರೋಣ. ಅಡ್ರಿನಲಿನ್ ಒಂದನ್ನೇ ನೋಡಿ. ಹೃದಯ ನಿಂತವರಿಗೆ 1 ಮಿಲಿಗ್ರಾಂ, ರಕ್ತನಾಳಕ್ಕೆ, 3ರಿಂದ 5 ನಿಮಿಷಕ್ಕೊಮ್ಮೆ. ಜೇನು ಕಚ್ಚಿ ಅಲರ್ಜಿಯಿಂದ ಉಸಿರು ಕಟ್ಟಿದವರಿಗೆ ಸಾಮಾನ್ಯವಾಗಿ ಅರ್ಧ ಮಿಲಿಗ್ರಾಂ, ತೊಡೆಯ ಸ್ನಾಯುವಿಗೆ. ಮಗುವಾದರೆ ತೂಕದ ಲೆಕ್ಕ, ಕಿಲೋಗೆ 0.01 ಮಿಲಿಗ್ರಾಂ. ಮದ್ದು ಒಂದೇ, ಆದರೆ ಎರಡು ಸಾಂದ್ರತೆಯಲ್ಲಿ ಬರುತ್ತದೆ, ಒಂದು ಇನ್ನೊಂದರ ಹತ್ತು ಪಟ್ಟು ಗಟ್ಟಿ. ಅಲರ್ಜಿಯವರ ತೊಡೆಗೆ ಹೋಗಬೇಕಾದದ್ದು ಹಾಗೇ ಒಂದೇ ಏಟಿಗೆ ರಕ್ತನಾಳಕ್ಕೆ ಹೋದರೆ, ಬಡಿಯುತ್ತಿರುವ ಹೃದಯವೇ ಲಯ ತಪ್ಪುತ್ತದೆ. ರಾತ್ರಿ ಮೂರು ಗಂಟೆಗೆ, ತಾಯಿ ಅಳುತ್ತಾ ಪಕ್ಕದಲ್ಲಿ ನಿಂತಿರುವಾಗ, ಟಾರ್ಚ್ ಬೆಳಕಿನಲ್ಲಿ ಈ ಲೆಕ್ಕ ಮಾಡಬೇಕು. ಇದು ಬರೀ ಒಂದು ಮದ್ದಿನ ಕಥೆ. ಚೀಲದಲ್ಲಿ ಇಂಥವು ಇನ್ನೂ ಎಷ್ಟೋ ಇವೆ. ಇಸಿಜಿ ಓದುವುದು, ಗಂಟಲಿಗೆ ಕೊಳವೆ ಇಳಿಸುವುದು, ಎದೆಯೊಳಗೆ ಸಿಕ್ಕಿಕೊಂಡ ಗಾಳಿಯನ್ನು ಸೂಜಿಯಿಂದ ಬಿಡುವುದು, ಇವೆಲ್ಲ ಬೇರೆ.

ಬೇರೆ ದೇಶಗಳು ಇದಕ್ಕೆ ಎಷ್ಟು ಹೊತ್ತು ಕೊಡುತ್ತವೆ ನೋಡಿ. ಜರ್ಮನಿಯಲ್ಲಿ 2014ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಮೂರು ವರ್ಷದ ತರಬೇತಿ, ಒಟ್ಟು 4,600 ಗಂಟೆ. ಅದರಲ್ಲಿ 1,960 ಗಂಟೆ ಆಂಬುಲೆನ್ಸ್ ಠಾಣೆಯಲ್ಲಿ, 720 ಗಂಟೆ ಆಸ್ಪತ್ರೆಯಲ್ಲಿ. ಅಲ್ಲಿನ ದೊಡ್ಡ ಊರುಗಳ ಅಗ್ನಿಶಾಮಕರೂ ಪ್ಯಾರಾಮೆಡಿಕ್ ಆಗಬೇಕಾದರೆ ಇದೇ ಅರ್ಹತೆ ಪಡೆಯಬೇಕು, ಅವರಿಗೆಂದು ಬೇರೆ ಸುಲಭದ ದಾರಿ ಇಲ್ಲ. ಬ್ರಿಟನ್ನಿನಲ್ಲಿ ಹೊಸಬರಿಗೆ ಈಗ ಪದವಿ ಮಟ್ಟದ ಓದೇ ಬೇಕು. ಆಸ್ಟ್ರೇಲಿಯಾದಲ್ಲಿ 2018ರ ಡಿಸೆಂಬರಿನಿಂದ, ದಾದಿಯರಿಗೂ ವೈದ್ಯರಿಗೂ ಇರುವ ಹಾಗೆ, ಪ್ಯಾರಾಮೆಡಿಕ್‌ಗಳಿಗೂ ರಾಷ್ಟ್ರೀಯ ನೋಂದಣಿ ಕಡ್ಡಾಯ. ಅಮೆರಿಕದಲ್ಲಿ ಮೊದಲ ಮೆಟ್ಟಿಲಾದ ಇಎಂಟಿಗೆ (ತುರ್ತು ವೈದ್ಯಕೀಯ ತಂತ್ರಜ್ಞ) 150 ಗಂಟೆಯ ಆಸುಪಾಸು ಸಾಕು. ಅದಾದ ಮೇಲಿನ ಪ್ಯಾರಾಮೆಡಿಕ್ ಕೋರ್ಸಿಗೆ ಸಾಮಾನ್ಯವಾಗಿ 1,200ರಿಂದ 1,800 ಗಂಟೆ. ಈ ಎರಡು ಅಂಕಿಗಳ ನಡುವಿನ ದೂರ ನಿಮ್ಮ ಅಧಿಕಾರಿಗಳ ಕಣ್ಣಿಗೆ ಬಿದ್ದಿಲ್ಲ ಅಂತ ಕಾಣುತ್ತದೆ. ಇಎಂಟಿ ತರಬೇತಿಯನ್ನು ಕೊಟ್ಟು ಪ್ಯಾರಾಮೆಡಿಕ್ ಹೆಸರನ್ನು ಅಂಟಿಸಲು ಹೊರಟಿದ್ದಾರೋ ಅನ್ನುವ ಅನುಮಾನ ನನಗಿದೆ.

ನನಗೆ ಹೆಚ್ಚು ಹಿಡಿಸಿದ್ದು ಜಪಾನಿನ ದಾರಿ. ಅಲ್ಲಿ ಆಂಬುಲೆನ್ಸ್ ಓಡಿಸುವುದೇ ಅಗ್ನಿಶಾಮಕ ಇಲಾಖೆ. ಅಲ್ಲಿನ ಪ್ಯಾರಾಮೆಡಿಕ್‌ಗಳದು 1991ರ ಕಾನೂನಿನ ಮೇಲೆ ನಿಂತ ಅರ್ಹತೆ. ಸೇವೆಯಲ್ಲಿದ್ದುಕೊಂಡು ಆ ಅರ್ಹತೆ ಪಡೆಯಬೇಕಾದರೆ ಆಂಬುಲೆನ್ಸಿನಲ್ಲಿ ಐದು ವರ್ಷ ಅಥವಾ 2,000 ಗಂಟೆ ಕೆಲಸ ಮಾಡಿರಬೇಕು. ಆಮೇಲೆ ತರಬೇತಿ ಶಾಲೆ, ಆಮೇಲೆ ರಾಷ್ಟ್ರೀಯ ಪರೀಕ್ಷೆ. ಈ ಕೆಲಸ ತನಗೆ ಆಗುತ್ತದೋ ಇಲ್ಲವೋ ಅನ್ನುವುದು ಅಷ್ಟು ಹೊತ್ತಿಗೆ ಅವರಿಗೂ ಗೊತ್ತಾಗಿರುತ್ತದೆ, ಇಲಾಖೆಗೂ ಗೊತ್ತಾಗಿರುತ್ತದೆ.

‘ಎಲ್ಲರಿಗೂ’ ಅನ್ನುವ ಮಾತಿಗೆ ಅಮೆರಿಕದ ಸಿಯಾಟಲ್ ನಗರದಲ್ಲಿ ಉತ್ತರ ಇದೆ. ಹೃದ್ರೋಗ ತಜ್ಞ ಲಿಯೊನಾರ್ಡ್ ಕಾಬ್ ಮತ್ತು ಅಗ್ನಿಶಾಮಕ ಮುಖ್ಯಸ್ಥ ಗಾರ್ಡನ್ ವಿಕರಿ ಸೇರಿ 1970ರಲ್ಲಿ ಅಲ್ಲಿ ಮೆಡಿಕ್ ಒನ್ ಎಂಬ ತುರ್ತು ವೈದ್ಯಕೀಯ ಸೇವೆ ಶುರು ಮಾಡಿದರು. ಅಲ್ಲಿ ಅಗ್ನಿಶಾಮಕರು ಇಎಂಟಿಗಳು. ಹತ್ತಿರದ ಗಾಡಿ ಮೊದಲು ಹೋಗಿ ಎದೆ ಒತ್ತುತ್ತದೆ, ಶಾಕ್ ಕೊಡುತ್ತದೆ. ಹಿಂದೆಯೇ ಇಬ್ಬರು ಪ್ಯಾರಾಮೆಡಿಕ್‌ಗಳಿರುವ ಗಾಡಿ ಬರುತ್ತದೆ. ಅವರು ಕೆಲವೇ ಮಂದಿ, 2,000 ಗಂಟೆಗೂ ಜಾಸ್ತಿ ತರಬೇತಿ ಪಡೆದವರು. ಕೆಲವೇ ಮಂದಿ ಇರುವುದರಿಂದ ಕಷ್ಟದ ಕೇಸುಗಳೆಲ್ಲ ಅವರ ಕೈಗೇ ಬರುತ್ತವೆ. ಕೈ ಪಳಗಿರುತ್ತದೆ. ಹೃದಯ ನಿಂತವರನ್ನು ಉಳಿಸಿಕೊಳ್ಳುವುದರಲ್ಲಿ ಆ ಊರಿನ ಹೆಸರು ಇವತ್ತಿಗೂ ಮುಂದಿದೆ. ಠಾಣೆಯ ಪ್ರತಿಯೊಬ್ಬರನ್ನೂ ಪ್ಯಾರಾಮೆಡಿಕ್ ಮಾಡಿದರೆ ಒಬ್ಬೊಬ್ಬರ ಪಾಲಿಗೆ ವರ್ಷಕ್ಕೆ ಎಷ್ಟು ಸಲ ಕೊಳವೆ ಹಾಕುವ ಸಂದರ್ಭ ಬಂದೀತು? ಬಳಸದ ಕೈಗೆ ಜಂಗು ಹಿಡಿಯುತ್ತದೆ, ಸರ್ಟಿಫಿಕೇಟ್ ಮಾತ್ರ ಗೋಡೆ ಮೇಲೆ ಹೊಳೆಯುತ್ತಿರುತ್ತದೆ.

ಬೆಂಕಿಯ ಕಡೆಯ ಅರ್ಹತೆಯನ್ನೂ ಈ ಗಲಾಟೆಯಲ್ಲಿ ಸಡಿಲ ಮಾಡಬೇಡಿ. ಅಮೆರಿಕ, ಕೆನಡಾಗಳಲ್ಲಿ ಬಳಸುವ ಸಿಪಿಎಟಿ ಎಂಬ ದೇಹಬಲದ ಪರೀಕ್ಷೆಯಲ್ಲಿ ಎಂಟು ಕೆಲಸಗಳನ್ನು 10 ನಿಮಿಷ 20 ಸೆಕೆಂಡಿನಲ್ಲಿ ಮುಗಿಸಬೇಕು. ಮೈಮೇಲೆ ಸುಮಾರು 22.7 ಕಿಲೋ ತೂಕದ ಕೋಟು. ಮೆಟ್ಟಿಲು ಹತ್ತುವಾಗ ಅದರ ಮೇಲೆ ಇನ್ನೂ 11 ಕಿಲೋ. ಕೊನೆಯ ಹೊತ್ತಿಗೆ 75 ಕಿಲೋ ತೂಕದ ಗೊಂಬೆಯನ್ನು ಎಳೆದುಕೊಂಡು ಹೋಗಬೇಕು. ಓದಿನಲ್ಲಿ ಮುಂದಿರುವವರು ಇಲ್ಲಿ ಸೋಲಬಹುದು, ಇಲ್ಲಿ ಗೆದ್ದವರಿಗೆ ಮದ್ದಿನ ಲೆಕ್ಕ ಹತ್ತದೇ ಇರಬಹುದು. ಎರಡರಲ್ಲೂ ಗೆಲ್ಲುವವರು ಕಡಿಮೆ. ಅದನ್ನು ಒಪ್ಪಿಕೊಂಡು ನೇಮಕಾತಿ ಮಾಡಿ.

‘ಒಂದೇ ಗಾಡಿಯಲ್ಲಿ ಎರಡು ಸೇವೆ’ ಅನ್ನುವ ಲೆಕ್ಕವೂ ನನಗೆ ಹತ್ತುತ್ತಿಲ್ಲ. ಉರಿಯುವ ಕಟ್ಟಡಕ್ಕೆ ನುಗ್ಗುವಾಗ ಇಬ್ಬರು ಒಳಗಿದ್ದರೆ, ಅವರನ್ನು ಉಳಿಸಲು ಇಬ್ಬರು ಹೊರಗೆ ಸಜ್ಜಾಗಿರಬೇಕು ಎಂಬುದು ಅಮೆರಿಕದ ಕಾರ್ಮಿಕ ಸುರಕ್ಷಾ ನಿಯಮ. ನಾಲ್ಕು ಜನರ ಗಾಡಿಯಿಂದ ಇಬ್ಬರು ರೋಗಿಯ ಜೊತೆ ಆಸ್ಪತ್ರೆಗೆ ಹೋದರು ಅಂದುಕೊಳ್ಳಿ. ಅಷ್ಟರಲ್ಲಿ ಬೆಂಕಿಯ ಕರೆ ಬಂತು. ಉಳಿದ ಇಬ್ಬರು ಒಳಗೆ ಹೋಗಬೇಕೋ ಹೊರಗೆ ನಿಲ್ಲಬೇಕೋ? ಎರಡು ಸೇವೆ ಬೇಕಾದರೆ ಎರಡು ಗಾಡಿ ಬೇಕು, ಎರಡಕ್ಕೂ ಜನ ಬೇಕು. ಇದರಲ್ಲಿ ದುಡ್ಡು ಉಳಿಯುತ್ತದೆ ಅಂತ ನಿಮಗೆ ಯಾರು ಹೇಳಿದರೋ ಗೊತ್ತಿಲ್ಲ.

ಇನ್ನೊಂದು ವಿಷಯ ಯಾರೂ ಎತ್ತುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಮನುಷ್ಯರಲ್ಲಿ ಕ್ಯಾನ್ಸರ್ ತರುವಂಥದ್ದು ಎಂದು ಮೊದಲ ಗುಂಪಿಗೆ ಸೇರಿಸಿತು. ಹೊಗೆಯ ವಿಷ ಕೋಟಿಗೆ, ಕೈಗವಸಿಗೆ, ಕುತ್ತಿಗೆಗೆ ಅಂಟಿಕೊಂಡೇ ಇರುತ್ತದೆ. ಆ ಕೋಟಿನಲ್ಲೇ ಆಂಬುಲೆನ್ಸ್ ಹತ್ತಿ ಹೆರಿಗೆ ಮಾಡಿಸಲು ಹೋಗುವ ಹಾಗಿಲ್ಲ, ಅಲ್ವಾ? ಸ್ನಾನ, ಎರಡನೇ ಜೊತೆ ಬಟ್ಟೆ, ಕೋಟು ತೊಳೆಯುವ ಯಂತ್ರ, ಇವೆಲ್ಲ ಯೋಜನೆಯಲ್ಲಿ ಇರಬೇಕಾದ ಖರ್ಚು. 24 ಗಂಟೆಯ ಶಿಫ್ಟಿನಲ್ಲಿ ರಾತ್ರಿಯಿಡೀ ಆಂಬುಲೆನ್ಸಿನಲ್ಲಿ ಓಡಾಡಿದವರನ್ನು ಬೆಳಗಿನ ಜಾವ ಬೆಂಕಿಯೊಳಗೆ ಕಳಿಸುವುದರ ಬಗ್ಗೆಯೂ ಯಾರಾದರೂ ಯೋಚಿಸಬೇಕು.

ಹಾಗಾದರೆ ಏನು ಮಾಡಬೇಕು? ಇಎಂಟಿ ಮಟ್ಟದ ತರಬೇತಿಯನ್ನು ಎಲ್ಲರಿಗೂ ಕೊಡಿ, ಇಂದೇ ಶುರು ಮಾಡಿ. ಅದರಿಂದಲೇ ಎಷ್ಟೋ ಜೀವ ಉಳಿಯುತ್ತದೆ. ಪ್ಯಾರಾಮೆಡಿಕ್ ಆಗಲು ಮಾತ್ರ ಇಷ್ಟ ಇರುವವರನ್ನು, ಕೆಲವು ವರ್ಷ ಆಂಬುಲೆನ್ಸಿನಲ್ಲಿ ಬೆವರು ಹರಿಸಿದವರನ್ನು ಆರಿಸಿ. ಪೂರ್ತಿ ಕೋರ್ಸಿಗೆ, ಪೂರ್ತಿ ಸಂಬಳದ ಮೇಲೆ ಕಳಿಸಿ. ರಜೆಯಲ್ಲಿ, ಸ್ವಂತ ಖರ್ಚಿನಲ್ಲಿ ಓದಿ ಬನ್ನಿ ಅಂದರೆ ಮನೆ ನಡೆಸುವವರು ಬರುವುದಿಲ್ಲ. ವಾಪಸ್ ಬಂದವರಿಗೆ ಭತ್ಯೆ ಕೊಡಿ. ಅಮೆರಿಕದ ರಾಷ್ಟ್ರೀಯ ನೋಂದಣಿಯಲ್ಲಿ ಪ್ಯಾರಾಮೆಡಿಕ್‌ಗಳು ಎರಡು ವರ್ಷಕ್ಕೊಮ್ಮೆ 60 ಗಂಟೆಯ ಮರುಕಲಿಕೆ ತೋರಿಸಬೇಕು. ಅಂಥದ್ದೊಂದು ಇಲ್ಲೂ ಇರಲಿ, ಅದು ಡ್ಯೂಟಿ ಹೊತ್ತಿನಲ್ಲೇ ನಡೆಯಲಿ. ಈ ಕೆಲಸ ಬೇಡ, ಬೆಂಕಿ ಆರಿಸುವುದೇ ಸಾಕು ಅನ್ನುವವರನ್ನು ಬಡ್ತಿಯಲ್ಲಿ ಹಿಂದೆ ತಳ್ಳಬೇಡಿ. ಅವರು ಇಲ್ಲದೆ ನಮಗೆ ಬಾಗಿಲು ಒಡೆಯುವವರು ಯಾರು?

ಕೊನೆಗೊಂದು ಪ್ರಶ್ನೆ. ನಾವು ರಸ್ತೆಯಲ್ಲಿ ಕೊಡುವ ಪ್ರತಿ ಮದ್ದಿನ ಹಿಂದೆ ಒಬ್ಬ ವೈದ್ಯರ ಹೊಣೆ ಇರಬೇಕು. ಯಾವುದು ಕೊಡಬಹುದು, ಎಷ್ಟು ಕೊಡಬಹುದು ಎಂದು ಬರೆದು ಸಹಿ ಹಾಕುವವರು, ಆಮೇಲೆ ನಮ್ಮ ಕೇಸ್ ಶೀಟ್ ಓದಿ ಇಲ್ಲಿ ತಪ್ಪಿದ್ದೀರಿ ಎಂದು ಕೂರಿಸಿಕೊಂಡು ಹೇಳುವವರು. ನಿಮ್ಮ ಯೋಜನೆಯಲ್ಲಿ ಆ ಹೊಣೆ ಯಾರದು? ಕರಡು ನಿಯಮ ಹೊರಬರುವಾಗ ಅದರಲ್ಲಿ ಆ ಹುದ್ದೆಯೂ ತರಬೇತಿಯ ಗಂಟೆಗಳೂ ಸ್ಪಷ್ಟವಾಗಿ ಬರೆದಿರಲಿ. ಅದನ್ನು ಓದಿ ಆಕ್ಷೇಪ ಹೇಳಲು ಠಾಣೆಗಳಲ್ಲಿರುವ ನಮಗೂ ಒಂದು ತಿಂಗಳ ಸಮಯ ಕೊಡಿ.

ಇಂತಿ,
ಬೆಂಕಿ ಗಾಡಿ, ಆಂಬುಲೆನ್ಸ್ ಎರಡರಲ್ಲೂ ದುಡಿಯುವ ಒಬ್ಬ ಸಿಬ್ಬಂದಿ